ಚೌತಿಯ ಮನೆಯಲ್ಲಿ ಪರದೇಶದ ನೆರೆಯವರು

ಶಿವರಾತ್ರಿಗೆ ಗೋಕರ್ಣದಲ್ಲಿ ಕಾಣುವ ವಿದೇಶಿಗರು ಬೇರೆ, ಚೌತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಣುವ ವಿದೇಶಿಗರು ಬೇರೆ. ಮಹಾರಥಕ್ಕೆ ಜನ ಬಾಳೆಹಣ್ಣು ಎಸೆಯುವುದನ್ನು ರಥಬೀದಿಯ ಅಂಚಿನಲ್ಲಿ ನಿಂತು ಫೋಟೋ ಹೊಡೆದು, ತಾವೂ ಒಂದೆರಡು ಎಸೆದು ನಕ್ಕವರೆಲ್ಲ ಮಳೆ ಹಿಡಿಯುವುದರೊಳಗೆ ಜಾಗ ಖಾಲಿ ಮಾಡುತ್ತಾರೆ. ಕುಡ್ಲೆ, ಓಂ ಬೀಚಿನ ಗುಡಿಸಲು ಹೋಟೆಲುಗಳೂ ಬಾಗಿಲು ಹಾಕುತ್ತವೆ. ಅದಾದ ಮೇಲೂ, ಸೋನೆ ಮಳೆಯಲ್ಲಿ ಕೊಡೆ ಹಿಡಿದು ಶಿರಸಿಯ ಪೇಟೆಯಲ್ಲೋ ಕುಮಟೆಯ ಮೀನು ಮಾರ್ಕೆಟ್ಟಿನಲ್ಲೋ ಒಬ್ಬ ಬಿಳಿಯ ಹೆಂಗಸು ಓಡಾಡುತ್ತಿದ್ದಾಳೆಂದರೆ ಅವಳು ಪ್ರವಾಸಿಯಲ್ಲ, ಊರವಳು. ಯಕ್ಷಗಾನ ಕಲಿಯಲು ಬಂದವರು, ಘಟ್ಟದ ಕಾಡಿನ ಗಿಡ, ಕಪ್ಪೆ ಎಂದು ಅಧ್ಯಯನಕ್ಕೆ ಕೂತವರು, ಇಲ್ಲಿಯ ಹುಡುಗನನ್ನೋ ಹುಡುಗಿಯನ್ನೋ ಮದುವೆಯಾದವರು, ಹೀಗೆ ಒಬ್ಬಿಬ್ಬರು ಅಲ್ಲಲ್ಲಿ ಇದ್ದಾರೆ. ಪರದೇಶದವರು ನೆರೆಯವರಾಗುವುದು ಜಿಲ್ಲೆಗೆ ಹೊಸದೇನೂ ಅಲ್ಲ. ಮುಂಡಗೋಡದಲ್ಲಿ ಟಿಬೆಟನ್ನರ ವಸತಿ 1966ರಿಂದ ಇದೆ.

ಹೀಗೆ ಬಾಡಿಗೆಗೆ ಬಂದವರಿಗೆ ಮೊದಲ ಸಲ ದೊಡ್ಡ ಹಬ್ಬವೊಂದು ಹತ್ತಿರದಿಂದ ಕಾಣುವುದು ಚೌತಿಯಲ್ಲೇ. ಜಾತ್ರೆ, ತೇರು ಎಂದರೆ ಬೀದಿಯದು, ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಚೌತಿ ಮನೆಯೊಳಗಿನ ಹಬ್ಬ. ಹೊಸ್ತಿಲು ದಾಟಬೇಕು, ಯಾರದೋ ಜಗಲಿಯಲ್ಲಿ ಕೂರಬೇಕು, ಎಲೆ ಮುಂದೆ ಉಣ್ಣಬೇಕು. ಕರೆಯುವವರಿಗೂ ಕರೆಸಿಕೊಂಡವರಿಗೂ ಗಲಿಬಿಲಿ ಶುರುವಾಗುವುದು ಇಲ್ಲೇ. ನಮ್ಮಲ್ಲಿ ಹಬ್ಬಕ್ಕೆ ಪ್ರೇಕ್ಷಕ ಎನ್ನುವ ಪಾತ್ರವೇ ಇಲ್ಲ. ಮನೆಗೆ ಬಂದ ಪ್ರತಿಯೊಬ್ಬರಿಗೂ ಒಂದು ಜಾಗ, ಒಂದು ಕೆಲಸ, ಒಂದು ಮಿತಿ ಮೊದಲೇ ಗೊತ್ತಿರುತ್ತದೆ: ಅಳಿಯ ಎಲ್ಲಿ ಕೂರುತ್ತಾನೆ, ಪುಟ್ಟ ಹುಡುಗಿ ಏನು ಹಿಡಿದುಕೊಳ್ಳುತ್ತಾಳೆ, ಪಕ್ಕದ ಮನೆಯವರು ಎಲ್ಲಿಯವರೆಗೆ ಬರುತ್ತಾರೆ ಎಂಬುದನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ. ಹೊಸಬರಿಗೆ ಮಾತ್ರ ಹೇಳಲೇಬೇಕು, ಮತ್ತು ಹೇಳಲು ಹೊರಟಾಗಲೇ ನಮಗೂ ಯಾವುದು ಶಾಸ್ತ್ರ, ಯಾವುದು ಮನೆ ರೂಢಿ, ಯಾವುದು ಸುಮ್ಮನೆ ಅಭ್ಯಾಸ ಎಂಬುದು ತಿಳಿಯುವುದು.

ಮೊದಲ ಪ್ರಶ್ನೆ ದಿನಾಂಕದ್ದು. ಹೋದ ವರ್ಷ ಒಂದು ದಿನ, ಈ ವರ್ಷ ಇನ್ನೊಂದು, ಅದು ಹೇಗೆ? 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ, 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಚಾಂದ್ರಮಾನದ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಹಾಗಾಗಿ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಹೀಗೇ ಬಿಟ್ಟರೆ ಚೌತಿ ಬೇಸಿಗೆಗೆ ಬಂದೀತೆಂದು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. 2026ರಲ್ಲಿ ಜ್ಯೇಷ್ಠ ಅಧಿಕವಾದ್ದರಿಂದ ಹಬ್ಬ ಒಮ್ಮೆಲೇ ಮುಂದಕ್ಕೆ ಹೋಯಿತು. ಇನ್ನೊಂದು ತೊಡಕು ತಿಥಿಯದು. ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದು ಮಧ್ಯರಾತ್ರಿಗೆ ಬದಲಾಗುವ ತಾರೀಖಿನ ಹಾಗಲ್ಲ, ಬೆಳಿಗ್ಗೆ ಹತ್ತಕ್ಕೂ ಶುರುವಾದೀತು, ಸಂಜೆ ನಾಲ್ಕಕ್ಕೂ ಮುಗಿದೀತು. ಭಾದ್ರಪದ ಶುದ್ಧ ಚತುರ್ಥಿ ಯಾವ ದಿನದ ನಡುಹಗಲಿನಲ್ಲಿ ಇರುತ್ತದೋ ಅಂದು ಗಣಪತಿ ಪೂಜೆ. ಎರಡು ಪಂಚಾಂಗದವರು ಎರಡು ದಿನ ಹೇಳುವ ವರ್ಷವೂ ಇರುತ್ತದೆ. ಕಂಪನಿಗೆ ರಜೆ ಅರ್ಜಿ ಹಾಕಬೇಕಾದ ಬಾಡಿಗೆದಾರನಿಗೆ ಇದನ್ನೆಲ್ಲ ವಿವರಿಸುವುದಕ್ಕಿಂತ, ಮನೆಯಲ್ಲಿ ಯಾವ ಪಂಚಾಂಗ ನೋಡುತ್ತೀರೋ ಅದರ ದಿನವನ್ನು ಎರಡು ತಿಂಗಳು ಮೊದಲೇ ಹೇಳಿಬಿಡುವುದು ಸಲೀಸು.

ಹಬ್ಬದ ದಿನವೇ ಕರೆಯುವುದು ಮಾತ್ರ ಸರಿಯಾದ ಆರಂಭ ಅಲ್ಲ ಎಂದು ನನ್ನ ಅಂದಾಜು. ಅಂದು ಯಜಮಾನರಿಗೆ ಪುರೋಹಿತರ ದಾರಿ ಕಾಯುವ ಚಿಂತೆ, ಅಡುಗೆ ಮನೆಯವರಿಗೆ ನೈವೇದ್ಯದ ಚಿಂತೆ. ಹೊಸಬರು ಜಗಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎರಡು ತಾಸು ಗೋಡೆ ನೋಡಬೇಕಾಗುತ್ತದೆ. ಕರೆಯುವುದಾದರೆ ಚಕ್ಕುಲಿ ಕಂಬಳಕ್ಕೆ, ಅಂದರೆ ಊರವರು ಒಟ್ಟಿಗೆ ಕೂತು ಚಕ್ಕುಲಿ ಸುತ್ತುವ ಕೆಲಸಕ್ಕೆ, ಕರೆಯಬೇಕು.

ಶಿರಸಿ, ಸಿದ್ದಾಪುರದ ಹವ್ಯಕರ ಹಳ್ಳಿಗಳಲ್ಲಿ ಚೌತಿಗೆ ಕೆಲವು ದಿನ ಮುಂಚೆ ಇದು ನಡೆಯುತ್ತದೆ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಒತ್ತು ಒರಳಿಲ್ಲ, ಅಚ್ಚಿಲ್ಲ, ಕೈಯಲ್ಲೇ ಸುತ್ತುವ ಚಕ್ಕುಲಿ. ಅಕ್ಕಿ ಹಿಟ್ಟಿಗೆ ಹುರಿದ ಉದ್ದಿನ ಹಿಟ್ಟು, ಎಳ್ಳು, ಉಪ್ಪು ಸೇರಿಸಿ ಗಟ್ಟಿಯಾಗಿ ನಾದಿದ ಮುದ್ದೆ ಜಗಲಿಗೆ ಬರುತ್ತದೆ. ನಾದಿ ಕೊಡುವುದು, ಬೇಯಿಸುವುದು ಒಳಗಿನವರು. ಸುತ್ತಲು ಸಾಲಾಗಿ ಕೂತವರು ಹೆಚ್ಚಾಗಿ ಊರ ಗಂಡಸರು. ಹಿಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಎಳೆ ತೆಗೆದು, ಎಳೆಯುತ್ತಲೇ ಹುರಿ ಹಾಕುತ್ತ, ಹಗ್ಗದ ಹಾಗೆ ಹೊರಳಿದ ಎಳೆಯನ್ನು ಬಾಳೆ ಎಲೆಯ ಮೇಲೆ ಒಳಗಿನಿಂದ ಹೊರಕ್ಕೆ ಸುತ್ತುತ್ತ ಹೋಗಬೇಕು. ಹುರಿ ಒಂದೇ ಸಮ ಇರಬೇಕು, ಎಳೆ ತುಂಡಾಗಬಾರದು, ಸುತ್ತಿನ ನಡುವೆ ಎಣ್ಣೆ ಹೋಗುವಷ್ಟು ಸಂದು ಉಳಿಯಬೇಕು. ಕೈ ಪಳಗಿದವರು ಹರಟೆ ಹೊಡೆಯುತ್ತ, ಕವಳ ಜಗಿಯುತ್ತ ಆರೇಳು ಸುತ್ತಿನದನ್ನು ಬೀಳಿಸಿಬಿಡುತ್ತಾರೆ. ಹೊಸಬರ ಎಳೆ ಮೂರನೇ ಸುತ್ತಿಗೆ ತುಂಡು. ಆಗ ಪಕ್ಕದಲ್ಲಿ ಕೂತ ಅಜ್ಜ ನೋಡಿ, "ತಂಗೀ, ಹಿಟ್ಟನ್ನ ಹೆದರಿಸ್ಬೇಡ, ಅದು ಬರ್ತದೆ" ಎನ್ನುತ್ತಾನೆ. ತುಂಡಾದದ್ದೂ ಕೊಬ್ಬರಿ ಎಣ್ಣೆಯ ಬಾಣಲೆಗೆ ಹೋಗುತ್ತದೆ, ಬಿಸಿ ಇರುವಾಗಲೇ ಮಕ್ಕಳ ಬಾಯಿಗೆ ಬೀಳುತ್ತದೆ. ದೇವರಿಗೆ ಬೇಕಾದಷ್ಟನ್ನು ಮಡಿಯಲ್ಲಿ ಬೇರೆಯೇ ಮಾಡಿಕೊಳ್ಳುವ ಮನೆಗಳಲ್ಲಿ ಈ ಜಗಲಿಯ ಕಂಬಳಕ್ಕೆ ಯಾರ ಕೈ ತಾಗಿದರೂ ತಕರಾರಿಲ್ಲ. ಭಾಷೆ ಬರದಿದ್ದರೂ ಮಾಡಲು ಕೆಲಸ ಇರುವ, ನಾಲ್ಕು ಜನರ ಮುಖಪರಿಚಯ ಆಗುವ ಜಾಗ ಇದು. ಚೌತಿಯ ದಿನ ಅದೇ ಮನೆಗೆ ಹೋದಾಗ "ಮೊನ್ನೆ ಚಕ್ಕುಲಿ ತುಂಡು ಮಾಡಿದವ್ರು" ಎಂದು ಯಾರಾದರೂ ಗುರುತು ಹಿಡಿದರೆ ಅರ್ಧ ಹಬ್ಬ ಗೆದ್ದ ಹಾಗೆ.

ಮೂರ್ತಿಯದು ಇನ್ನೊಂದು ಕಥೆ. ಪೇಟೆಯ ಸ್ಟಾಲಿನಲ್ಲಿ ಆರಿಸಿ ತರುವ ಪದ್ಧತಿ ಬಂದಿದೆ ನಿಜ, ಆದರೆ ಈಗಲೂ ಎಷ್ಟೋ ಮನೆಯವರು ತಮ್ಮ ಮಣೆಯನ್ನು ಮೊದಲೇ ಗುಡಿಗಾರರ ಮನೆಗೋ ಪರಿಚಯದ ಮೂರ್ತಿ ಮಾಡುವವರ ಮನೆಗೋ ಕೊಟ್ಟು ಬರುತ್ತಾರೆ. ಗಣಪತಿ ಆ ಮಣೆಯ ಮೇಲೇ ಮೈತಳೆಯುತ್ತಾನೆ. ಗುಡಿಗಾರರೆಂದರೆ ಗಂಧದ ಕೆತ್ತನೆಗೆ ಹೆಸರಾದವರು, ಜೇಡಿ ಮಣ್ಣಿನಲ್ಲೂ ಅಷ್ಟೇ ಕುಶಲರು. ತರುವಾಗ ಮೂರ್ತಿಯ ಮುಖಕ್ಕೆ ಬಟ್ಟೆ ಹೊದಿಸಿರುತ್ತಾರೆ, ಮಳೆಗೆಂದು ಮೇಲೊಂದು ಕೊಡೆ. ಅಲ್ಲಿ ಚೌಕಾಶಿ ಮಾಡುವುದಿಲ್ಲ, ತೆಂಗಿನಕಾಯಿ, ಅಕ್ಕಿ, ವೀಳ್ಯದ ಜೊತೆ ಹಣ ಇಟ್ಟು ಬರುವುದು. ಪರದೇಶದ ನೆರೆಯವರು ಪರಿಸರದ ಪ್ರಶ್ನೆ ಎತ್ತದೆ ಬಿಡುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳಿಗೆ ರಾಜ್ಯದಲ್ಲಿ ನಿಷೇಧವಿದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಿಸರ್ಜನೆಯ ಮಾರ್ಗಸೂಚಿಯನ್ನು 2020ರಲ್ಲಿ ಪರಿಷ್ಕರಿಸಿದೆ. ಬಣ್ಣ ಹಚ್ಚದ ಮಣ್ಣಿನ ಗಣಪತಿ ನಮ್ಮ ಹಳ್ಳಿಗಳಿಗೆ ಹೊಸ ಆವಿಷ್ಕಾರ ಅಲ್ಲ ಎಂದು ಹೇಳಿದರೆ ಸಾಕು.

ಗಣಪತಿ ಕೂತ ಮೇಲೆ ಹೊಸಬರ ಕಣ್ಣು ಹೋಗುವುದು ಮೂರ್ತಿಗಿಂತ ಮೊದಲು ಅದರ ಮೇಲಕ್ಕೆ. ಮಾಡಿನಿಂದ ಇಳಿಬಿಟ್ಟ ಮರದ ಚೌಕಟ್ಟು, ಅದಕ್ಕೆ ತೂಗುಬಿಟ್ಟ ಕಾಯಿಪಲ್ಲೆ, ಹಣ್ಣುಹಂಪಲು. ಇದೇ ಫಲಾವಳಿ. ಕಾರವಾರದ ಕೊಂಕಣಿ ಮನೆಗಳಲ್ಲಿ, ಗೋವೆಯಲ್ಲಿ ಹೇಳುವ ಹಾಗೆ, ಮಾಟೋಳಿ. ಎಳೆ ತೆಂಗಿನ ಗೊನೆ, ಅಡಿಕೆ ಗೊನೆ, ಬಿಚ್ಚಿದ ಸಿಂಗಾರ (ಅಡಿಕೆಯ ಹೂಗೊಂಚಲು), ಮೊಗೆಕಾಯಿ, ಹೀರೆ, ಹಾಗಲ, ಚಕ್ಕೋತ, ಕಂಚಿ, ಮಾದಲ, ದಾಳಿಂಬೆ, ಮಾವಿನ ತಳಿರು. ಚೌತಿಯ ಹಿಂದಿನ ದಿನ ಮನೆಯ ಹುಡುಗರು ತೋಟ, ಬೇಣ, ಕಾಡಿನ ಅಂಚು ಸುತ್ತಿ ಇದನ್ನು ಒಟ್ಟು ಮಾಡುತ್ತಾರೆ. ಸ್ಟೂಲಿನ ಮೇಲೆ ಒಬ್ಬ ಹತ್ತಿ, ಕೆಳಗಿನವರು ಒಂದೊಂದೇ ಎತ್ತಿ ಕೊಟ್ಟು, ಬಾಳೆ ನಾರಿನಲ್ಲಿ ಬಿಗಿದು, ಈ ಕಡೆ ಭಾರ ಹೆಚ್ಚಾಯಿತು, ಆ ಕಡೆ ಒಂದು ಮೊಗೆಕಾಯಿ ಹಾಕು ಎಂದು ಕೂಗಾಡುತ್ತ ಕಟ್ಟುವುದನ್ನು ನೋಡಬೇಕು. ಕೆಲವು ಕಡೆ ಬೇಲಿಯಲ್ಲಿ ಆಗಷ್ಟೇ ಅರಳಿದ ಗೌರಿ ಹೂವನ್ನೂ ತರುತ್ತಾರೆ, ಕೆಂಪು ಹಳದಿ ಬೆರೆತ ಬೆಂಕಿ ನಾಲಗೆಯಂಥ ಎಸಳಿನದು. ಅಗ್ನಿಶಿಖೆ ಎನ್ನುವುದೂ ಅದಕ್ಕೇ. ಅದರ ಗಡ್ಡೆ ಕಡುವಿಷ, ಹಾಗಾಗಿ ಗಿಡ ಕಿತ್ತು ಮನೆಗೊಯ್ಯಲು ಹೊರಟ ಉತ್ಸಾಹಿಗಳಿಗೆ ಅದನ್ನೂ ಹೇಳಿಡಿ. ಸಸ್ಯಗಳ ಅಭ್ಯಾಸಕ್ಕೆ ಬಂದವರಿಗೆ ಫಲಾವಳಿಗಿಂತ ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ. ಈ ಮಳೆಗಾಲದಲ್ಲಿ ಈ ಊರಿನ ನೆಲ ಏನೇನು ಕೊಟ್ಟಿದೆ ಎಂಬುದು ಒಂದೇ ಚೌಕಟ್ಟಿನಲ್ಲಿ ತೂಗಾಡುತ್ತಿರುತ್ತದೆ, ಒಂದೊಂದರ ಹೆಸರೂ ಮನೆಯ ಅಜ್ಜಿಗೆ ಗೊತ್ತು. ಪೇಟೆಯಿಂದ ತಂದ ಸೇಬು ಈಚೆಗೆ ನಡುವೆ ತೂರಿಕೊಂಡಿದೆ, ಇರಲಿ.

ಇನ್ನು ಕಷ್ಟದ ವಿಷಯ: ಮಡಿ. ಹೊಸಬರಿಗೆ ಇದು ಕೊಳೆ, ಸ್ವಚ್ಛತೆಯ ಲೆಕ್ಕದಂತೆ ಕೇಳಿಸುತ್ತದೆ. ತಾನು ಈಗಷ್ಟೇ ಸ್ನಾನ ಮಾಡಿ ಬಂದಿದ್ದೇನೆ, ಆದರೂ ಒಳಗೆ ಬಿಡಲಿಲ್ಲವೆಂದರೆ ತನ್ನ ಬಣ್ಣವೋ ಧರ್ಮವೋ ಕಾರಣ ಎಂದು ಅವರಿಗೆ ಅನಿಸಿದರೆ ತಪ್ಪಿಲ್ಲ. ಬಿಡಿಸಿ ಹೇಳಬೇಕು. ಮಡಿ ಎಂದರೆ ಒಂದು ಸ್ಥಿತಿ. ಮಿಂದು, ಯಾರೂ ಮುಟ್ಟದೆ ಒಣಗಿದ ಬಟ್ಟೆ ಉಟ್ಟು, ಪೂಜೆ ಅಥವಾ ನೈವೇದ್ಯದ ಕೆಲಸ ಮುಗಿಯುವವರೆಗೆ ಬೇರೆ ಯಾರನ್ನೂ ಮುಟ್ಟದೆ ಇರುವುದು. ಮನೆಯದೇ ಮಗು ಓಡಿ ಬಂದು ಅಪ್ಪಿಕೊಂಡರೂ ಅದು ಹೋಯಿತು, ಮತ್ತೆ ಮಿಂದು ಬರಬೇಕು. ಮೊಬೈಲು ಹಿಡಿದರೆ ಹೋಗುತ್ತದೆಯೇ ಎಂಬ ಬಗ್ಗೆ ಇನ್ನೂ ಒಮ್ಮತ ಬಂದಿಲ್ಲ. ಆದ್ದರಿಂದ ಮಡಿಯಲ್ಲಿರುವ ಅಮ್ಮ ಹಿಂದೆ ಸರಿದರೆ ಅದು ಮುನಿಸಲ್ಲ, ಕೈಕುಲುಕಲು ಹೋಗದಿದ್ದರಾಯಿತು.

ಮನೆಯ ನಕ್ಷೆಯೂ ಈ ಲೆಕ್ಕದಲ್ಲೇ ಇದೆ. ಅಂಗಳ ಎಲ್ಲರದು, ಜಗಲಿ ಬಂದವರದು, ನಡುಮನೆ ನೆಂಟರದು, ದೇವರ ಕೋಣೆ ಮತ್ತು ಅಡುಗೆ ಮನೆ ಮಡಿಯವರದು. ಗಣಪತಿಯನ್ನು ಕೂರಿಸುವುದು ಜಗಲಿಯಲ್ಲೋ ನಡುಮನೆಯಲ್ಲೋ ಆದರೆ ಹೊಸಬರು ಹತ್ತಿರವೇ ಕೂತು ಪೂಜೆ ನೋಡಬಹುದು. ದೇವರ ಕೋಣೆಯಲ್ಲಾದರೆ ಹೊಸ್ತಿಲಾಚೆಯಿಂದ ನೋಡಬೇಕು. ಪೂಜೆಯ ಕ್ರಮ ದೀರ್ಘವಾದದ್ದು: ಪ್ರಾಣಪ್ರತಿಷ್ಠೆ, ಹದಿನಾರು ಉಪಚಾರ, ಇಪ್ಪತ್ತೊಂದು ಬಗೆಯ ಪತ್ರೆ, ಗರಿಕೆ, ಮೋದಕ, ಕೊನೆಗೆ ಮಂಗಳಾರತಿ. ಒಂದೊಂದು ಪತ್ರೆಗೂ ಒಂದೊಂದು ಹೆಸರು ಹೇಳಿ ಏರಿಸುವಾಗ ಗಮನ ಬೇರೆಡೆ ಹೋದರೆ ಯಾರೂ ಬೈಯುವುದಿಲ್ಲ, ನಮ್ಮವರದೇ ಹೋಗಿರುತ್ತದೆ. ಅಕ್ಷತೆ ಕೈಗೆ ಬಂದಾಗ ಹಾಕಬೇಕು, ಆರತಿ ಬಂದಾಗ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಪಂಚಕಜ್ಜಾಯ ಬಲಗೈಗೆ. ನಂಬಿಕೆ ಇಲ್ಲದವರು ಆರತಿ ತೆಗೆದುಕೊಳ್ಳಬಹುದೇ ಎಂದು ಕೇಳುತ್ತಾರೆ. ತೆಗೆದುಕೊಳ್ಳಬಹುದು. ಬೇಡ ಎಂದು ಕೈ ಮುಗಿದು ಸುಮ್ಮನೆ ಕೂತರೂ ಯಾರಿಗೂ ಬೇಸರವಿಲ್ಲ.

ಮುಟ್ಟಿನ ವಿಷಯವನ್ನು ನಾವು ಮಾತಾಡುವುದಿಲ್ಲ, ಮಾತಾಡದೇ ಇದ್ದು ಕೊನೇ ಗಳಿಗೆಯಲ್ಲಿ ಗುಸುಗುಸು ಮಾಡುತ್ತೇವೆ. ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲಿ ಹೆಂಗಸರು ಪೂಜೆಯ ಜಾಗಕ್ಕೆ ಬರುವುದಿಲ್ಲ. ಅತಿಥಿಯನ್ನು ಹಬ್ಬದ ದಿನ ಬಾಗಿಲಲ್ಲಿ ಕೇಳುವುದು ಕೆಟ್ಟ ರೀತಿ. ನಿಮ್ಮ ಮನೆಯಲ್ಲಿ ಈ ರೂಢಿ ಇದ್ದರೆ ವಾರ ಮೊದಲೇ ಮನೆಯ ಹೆಂಗಸೊಬ್ಬರು ಅವರಿಗೆ ನೇರವಾಗಿ ಹೇಳಬೇಕು, ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ಅವರು ಒಪ್ಪದೆ ವಾದ ಮಾಡಿದರೆ ಅದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ನಮ್ಮದೇ ಹೆಣ್ಣುಮಕ್ಕಳು ಈಚೆಗೆ ಅದೇ ವಾದ ಮಾಡುತ್ತಿದ್ದಾರೆ. ಸೂತಕದ್ದೂ ಹೀಗೇ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ದಾಯಾದಿಯೊಬ್ಬರು ತೀರಿಕೊಂಡರೆ ಇಲ್ಲಿ ಮೂರು ದಿನ ಮೊದಲು ಹಬ್ಬವೇ ನಿಲ್ಲುತ್ತದೆ. ಕರೆದು, ಆಮೇಲೆ "ಈ ಸಲ ಇಲ್ಲ" ಎಂದಷ್ಟೇ ಹೇಳಿದರೆ ಹೊಸಬರು ತಮ್ಮಿಂದ ಏನೋ ತಪ್ಪಾಯಿತೆಂದು ತಿಳಿಯುತ್ತಾರೆ. ಕಾರಣ ಹೇಳಿ.

ಇಲ್ಲೇ ಇನ್ನೊಂದು ಮಾತು, ಹೇಳದಿದ್ದರೆ ಈ ವಿವರಣೆ ಪೊಳ್ಳಾದೀತು. ವಿದೇಶಿ ಅತಿಥಿಗೆ ಜಗಲಿಯಲ್ಲಿ ಕುರ್ಚಿ ಹಾಕಿ, ಅಷ್ಟೇ ವರ್ಷಗಳಿಂದ ತೋಟದಲ್ಲಿ ದುಡಿದ ಊರಿನವನಿಗೆ ಅಂಗಳದಲ್ಲೇ ಪಂಚಕಜ್ಜಾಯದ ಪೊಟ್ಟಣ ಕೊಡುವ ಮನೆಗಳು ಇವೆ. ಮಡಿಯ ಹೆಸರಿನ ಗೆರೆಗಳಲ್ಲಿ ಕೆಲವು ಪೂಜೆಯವು, ಕೆಲವು ಜಾತಿಯವು. ವರ್ಷಗಟ್ಟಲೆ ಇಲ್ಲಿದ್ದ ವಿದೇಶಿಗೆ ಇದು ನಮಗಿಂತ ಬೇಗ ಕಾಣುತ್ತದೆ. 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಶಿರಸಿಗೆ ಬಂದಿದ್ದರು. ಮಾರಿಕಾಂಬೆಯ ಗುಡಿಯಲ್ಲಿ ಕೋಣನ ಬಲಿ ನಿಂತದ್ದನ್ನೂ ಗುಡಿಯ ಬಾಗಿಲು ದಲಿತರಿಗೆ ತೆರೆದದ್ದನ್ನೂ ಊರಿನಲ್ಲಿ ಇಂದಿಗೂ ಆ ಭೇಟಿಯ ಜೊತೆಗೇ ನೆನೆಯುತ್ತಾರೆ. ಗುಡಿಯಲ್ಲಿ ಬದಲಾದದ್ದು ಮನೆಯ ಹೊಸ್ತಿಲಿನಲ್ಲಿ ಬದಲಾಗಲು ಹೆಚ್ಚು ಕಾಲ ಹಿಡಿಯುತ್ತಿದೆ. ಅತಿಥಿ ಕೇಳಿದರೆ ನುಣುಚಿಕೊಳ್ಳದೆ ಇದ್ದುದನ್ನು ಇದ್ದ ಹಾಗೆ ಹೇಳುವುದು ಮರ್ಯಾದೆ. ಇದಕ್ಕೆ ಸೇರಿದ ಪ್ರಶ್ನೆ ದೇವಸ್ಥಾನಗಳದು. ಗೋಕರ್ಣದ ಮಹಾಬಲೇಶ್ವರನ ಗರ್ಭಗುಡಿಗೆ ವಿದೇಶಿಗರನ್ನು ಬಿಡದ ರೂಢಿ ಹಳೆಯದು, ಗಂಡಸರು ಅಂಗಿ ಕಳಚಿ ಪಂಚೆ ಉಟ್ಟೇ ಹೋಗಬೇಕು. ಚೌತಿಗೆ ಇಡಗುಂಜಿಗೆ ಕರೆದುಕೊಂಡು ಹೋಗುವವರು ನೂಕುನುಗ್ಗಲಿಗೆ ಸಿದ್ಧರಿರಿ. ಎರಡೇ ಕೈಯ, ನಿಂತ ಗಣಪತಿಯನ್ನು ಒಂದು ಗಳಿಗೆ ನೋಡಲು ಬಹಳ ಹೊತ್ತು ಸಾಲಿನಲ್ಲಿ ಕಾಯಬೇಕು.

ಊಟದ ಎಲೆ ಹಾಕಿದ ಮೇಲೆ ಎಲ್ಲರಿಗೂ ಸಮಾಧಾನ. ತುದಿ ಎಲೆಯಾದರೆ ತುದಿ ಎಡಕ್ಕೆ. ಎಲೆಗೆ ನೀರು ಚಿಮುಕಿಸಿ ಒರೆಸುವುದು, ಬಡಿಸಿದ ತಕ್ಷಣ ಬಾಯಿಗಿಡದೆ ಪಂಕ್ತಿಗೆಲ್ಲ ಬಡಿಸುವವರೆಗೆ ಕಾಯುವುದು, ಇಷ್ಟು ಗೊತ್ತಿದ್ದರೆ ಉಳಿದದ್ದನ್ನು ಪಕ್ಕದವರನ್ನು ನೋಡಿ ಮಾಡಬಹುದು. ಕೋಸಂಬರಿ, ಪಲ್ಯ, ಚಿತ್ರಾನ್ನ, ತಂಬ್ಳಿ, ಸಾರು, ಹುಳಿ, ಕಡುಬು, ಪಾಯಸ, ಕೊನೆಗೆ ಮಜ್ಜಿಗೆ. ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಕುಡಿಯಲು ಮಾವಿನಕಾಯಿಯ ತಿಳಿ ಸಾರಾದ ಅಪ್ಪೆಹುಳಿ ಸಿಕ್ಕರೆ ಅವರ ಅದೃಷ್ಟ, ಊಟದ ಮೇಲೆ ನಿದ್ದೆ ಖಾತ್ರಿ. ಹಾಲು, ತುಪ್ಪ ಮುಟ್ಟದ ವ್ರತ ಹಿಡಿದ ವಿದೇಶಿಗರು ಈಚೆಗೆ ಹೆಚ್ಚು. ಅವರಿಗೆ ನಮ್ಮ ಹಬ್ಬದೂಟ ಸಸ್ಯಾಹಾರವೇ ಆದರೂ ಅರ್ಧ ಎಲೆ ಖಾಲಿ. ಬಡಿಸುವವರಿಗೆ ಮುಂಚೆಯೇ ಹೇಳಿಡದಿದ್ದರೆ "ಒಂದು ಚಮಚ ತುಪ್ಪಕ್ಕೆ ಏನೂ ಆಗ್ತಿಲ್ಲೆ" ಎಂದು ಅನ್ನದ ಮೇಲೆ ಸುರಿದೇ ಸುರಿಯುತ್ತಾರೆ. ಹವ್ಯಕರ ಪಂಕ್ತಿಯಲ್ಲಿ ಊಟದ ನಡುವೆ ಒಬ್ಬರಾದ ಮೇಲೊಬ್ಬರು ಶ್ಲೋಕ ಹೇಳುವುದುಂಟು. ಒಬ್ಬರು ರಾಗವಾಗಿ ಹೇಳಿ ಮುಗಿಸಿದೊಡನೆ ಉಳಿದವರೆಲ್ಲ ಹರಹರ ಮಹಾದೇವ ಎಂದು ದನಿಗೂಡಿಸುತ್ತಾರೆ. ವಿದೇಶಿ ಅತಿಥಿಯ ಸರದಿ ಬಂದಾಗ ಅವರ ನಾಡಿನ ಪದ್ಯವೊಂದನ್ನು ಹೇಳಿಸಿ, ಅದಕ್ಕೂ ಅಷ್ಟೇ ಜೋರಾಗಿ ಮಹಾದೇವ ಎನ್ನುವ ಪಂಕ್ತಿಗಳಿವೆ. ಸಾಕೆನ್ನಲು ಬಾಯಿ ಮಾತು ಸಾಲದು, ಎಲೆಗೆ ಎರಡೂ ಕೈ ಅಡ್ಡ ಹಿಡಿಯಬೇಕು.

ಘಟ್ಟ ಇಳಿದರೆ ಹಬ್ಬದ ದನಿಯೇ ಬೇರೆ. ಕಾರವಾರ, ಅಂಕೋಲೆಯ ಮನೆಗಳಲ್ಲಿ ಸಂಜೆಯ ಆರತಿಗೆ ಗುಮಟೆಯ ಪೆಟ್ಟು, ಕೊಂಕಣಿ ಮಾತು, ಮರಾಠಿ ಆರತಿ, ತಿನ್ನಲು ನೇವರಿ. ಒಂದೇ ಊರಿನ ಒಂದೇ ಕೇರಿಯಲ್ಲಿ ಮೂರು ಭಾಷೆ ಕೇಳಿ ಹೊಸಬರು ತಬ್ಬಿಬ್ಬಾಗುತ್ತಾರೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೂ ಆ ಕಡೆಗೇ ಇತ್ತು ಎಂದರೆ ಗೊತ್ತಾಗುತ್ತದೆ. ತಿಲಕರು 1893ರಲ್ಲಿ ಪುಣೆಯಲ್ಲಿ ಸಾರ್ವಜನಿಕ ರೂಪ ಕೊಟ್ಟ ಗಣೇಶೋತ್ಸವ ಇಂಥ ಜಿಲ್ಲೆಯಲ್ಲಿ ಬೇರೂರಿದ್ದು ಸಹಜವೇ. ಪೆಂಡಾಲಿನ ಗಣಪತಿಗೆ ಮಡಿಯ ಗೆರೆಗಳಿಲ್ಲ, ಯಾರು ಬೇಕಾದರೂ ಹೋಗಬಹುದು. ಅಲ್ಲಿ ಎಚ್ಚರ ಬೇಕಾದದ್ದು ಸವಾಲಿನ, ಅಂದರೆ ಹರಾಜಿನ, ಹೊತ್ತಿಗೆ. ಕೊನೆಯ ದಿನ ಫಲಾವಳಿಯ ಕಾಯಿ ಹಣ್ಣುಗಳನ್ನು ಸವಾಲು ಕೂಗುತ್ತಾರೆ, ದೇವರ ಮುಂದಿದ್ದ ತೆಂಗಿನಕಾಯಿ ಒಂದಕ್ಕೆ ಸಾವಿರಗಟ್ಟಲೆ ಹೋಗುತ್ತದೆ. ಪರಿಚಯದವರನ್ನು ಕಂಡು ಕೈ ಎತ್ತಿದವರ ತಲೆಗೆ ಕಾಯಿ ಬಿದ್ದೀತು.

ವಂತಿಗೆಯ ರಸೀದಿ ಪುಸ್ತಕ ಹಿಡಿದು ವಿದೇಶಿಗರ ಬಾಗಿಲು ತಟ್ಟುವ ಹುಡುಗರು ತಿಳಿಯಬೇಕಾದ ಸಂಗತಿ ಒಂದಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರ ಪ್ರಕಾರ ವಿದೇಶಿ ಪ್ರಜೆ ರೂಪಾಯಿಯಲ್ಲಿ ಕೊಟ್ಟ ದೇಣಿಗೆಯೂ ವಿದೇಶಿ ದೇಣಿಗೆಯೇ. ಆ ಕಾಯ್ದೆಯಡಿ ನೋಂದಣಿಯೋ ಅನುಮತಿಯೋ ಇಲ್ಲದ ಸಮಿತಿ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ನೂರಿನ್ನೂರು ರೂಪಾಯಿಗೆ ಯಾರು ಕೇಳುತ್ತಾರೆ ಎನ್ನಬಹುದು, ವೀಸಾ ಮೇಲೆ ಇರುವವರಿಗೆ ಅದೇ ತಲೆನೋವಾದೀತು. ಕೊಡುವ ಮನಸ್ಸಿದ್ದವರು ಪೆಂಡಾಲ್ ಕಟ್ಟಲು, ಬಡಿಸಲು ಕೈ ಹಾಕಿದರೆ ಊರವರಿಗೆ ಅದು ಹೆಚ್ಚು ಕಾಲ ನೆನಪಿರುತ್ತದೆ. ಇನ್ನೊಂದು ಕಾಗದದ ಕೆಲಸ ಮನೆಯವರದು. ಹಬ್ಬಕ್ಕೆಂದು ವಿದೇಶಿ ಗೆಳೆಯರನ್ನು ರಾತ್ರಿ ಮನೆಯಲ್ಲಿ ಉಳಿಸಿಕೊಂಡರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅವರ ವಿವರ ಕೊಡುವ ಫಾರಂ (2025ರವರೆಗೆ ಸಿ ಫಾರಂ ಎನ್ನುತ್ತಿದ್ದದ್ದು) ತುಂಬಬೇಕು. ಅದು ಹೋಟೆಲಿನವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಆನ್‌ಲೈನಿನಲ್ಲೇ ಮುಗಿಯುತ್ತದೆ. ಕಾರವಾರದಲ್ಲಿ ಮೆರವಣಿಗೆಯ ಚಿತ್ರಕ್ಕೆಂದು ಡ್ರೋನ್ ಹಾರಿಸುವ ಆಸೆ ಇದ್ದವರಿಗೆ ಬೇಡ ಎಂದೇ ಹೇಳಿ, ಪಕ್ಕದಲ್ಲಿ ನೌಕಾನೆಲೆ 'ಕದಂಬ' ಇದೆ.

ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದು, ನೋಡಿದರೆ ಸುಳ್ಳು ಅಪವಾದ ಬರುತ್ತದೆ, ಪರಿಹಾರಕ್ಕೆ ಸ್ಯಮಂತಕ ಮಣಿಯ ಕಥೆ ಕೇಳಬೇಕು. ನಮ್ಮ ಕಡೆ ಆ ಹೊತ್ತಿಗೆ ಮೋಡವೇ ಇರುವುದರಿಂದ ಈ ನಿಯಮ ಪಾಲಿಸುವುದು ಸುಲಭ. ಅಂದು ತಾಳಮದ್ದಲೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇಟ್ಟುಕೊಂಡ ಮನೆಯಲ್ಲಿ ಮದ್ದಲೆಯ ದನಿ ನಡುರಾತ್ರಿಯವರೆಗೂ ಕೇಳುತ್ತದೆ. ಮಾತು ತಿಳಿಯದಿದ್ದರೂ ಅರ್ಥಧಾರಿಗಳ ಜಿದ್ದು ತಿಳಿಯುತ್ತದೆ.

ವಿಸರ್ಜನೆ ಎಲ್ಲ ಮನೆಯಲ್ಲೂ ಒಂದೇ ದಿನವಲ್ಲ. ಕೆಲವರದು ಮರುದಿನ, ಕೆಲವರದು ಐದು, ಏಳು, ಒಂಬತ್ತನೇ ದಿನ, ಸಾರ್ವಜನಿಕರದು ಅನಂತ ಚತುರ್ದಶಿಯವರೆಗೂ. ಉತ್ತರಪೂಜೆ ಮಾಡಿ, ಮೂರ್ತಿಯನ್ನು ಒಮ್ಮೆ ಅಲುಗಿಸಿದರೆ ದೇವರು ಹೊರಟ ಲೆಕ್ಕ. ಅಷ್ಟು ಶ್ರದ್ಧೆಯಿಂದ ಪೂಜಿಸಿದ್ದನ್ನು ನೀರಿಗೆ ಬಿಡುವುದೇಕೆ ಎಂದು ಅವರು ಕೇಳದೆ ಇರುವುದಿಲ್ಲ. ಮಣ್ಣಿಗೆ ದೇವರನ್ನು ಕರೆದದ್ದು ಇಷ್ಟು ದಿನಕ್ಕೆಂದು ಹೇಳಿಯೇ, ಕಳಿಸಿಕೊಡುವುದೂ ಪೂಜೆಯದೇ ಭಾಗ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ. ಘಟ್ಟದ ಮೇಲೆ ಕೆರೆ, ಹೊಳೆ, ಮನೆಯ ಬಾವಿ, ಕೆಳಗೆ ಸಮುದ್ರ. ಖಾಲಿ ಮಣೆಯ ಮೇಲೆ ಒಂದು ಹಿಡಿ ಮರಳನ್ನೋ ಮಣ್ಣನ್ನೋ ಇಟ್ಟುಕೊಂಡು ವಾಪಸು ತರುವ ಮನೆಗಳಿವೆ. ಭಾದ್ರಪದದ ಕಡಲು ಇನ್ನೂ ಮುನಿದೇ ಇರುತ್ತದೆ. ಈಜು ಬಲ್ಲೆನೆಂದು ಅತಿಥಿಗಳು ಮೂರ್ತಿಯ ಹಿಂದೆ ನೀರಿಗಿಳಿಯುವುದು ಬೇಡ, ಮೀನುಗಾರರೇ ಒಯ್ದು ಬಿಟ್ಟು ಬರಲಿ.

ಎರಡು ಮೂರು ವರ್ಷ ಹೀಗೆ ಮನೆಮನೆ ಸುತ್ತಿದವರಿಗೆ ತಮ್ಮ ಬಾಡಿಗೆ ಮನೆಯಲ್ಲೂ ಗಣಪತಿ ಇಡುವ ಆಸೆ ಹುಟ್ಟುತ್ತದೆ. ಆಗ ಊರ ಹಿರಿಯರು ಕೇಳುವ ಮೊದಲ ಪ್ರಶ್ನೆ ಧರ್ಮದ್ದಲ್ಲ. "ಬರೋ ವರ್ಷ ಇಲ್ಲೇ ಇರ್ತ್ರ?" ಎಂಬುದು. ಒಮ್ಮೆ ಇಡಲು ಶುರು ಮಾಡಿದರೆ ನಡುವೆ ಬಿಡಬಾರದು ಎಂಬ ನಂಬಿಕೆ ಬಲವಾಗಿದೆ, ಮನೆಯಿಂದ ಮನೆಗೆ ಅದರ ಲೆಕ್ಕ ಬದಲಾಗುತ್ತದೆ ಅಷ್ಟೇ. ವರ್ಷ ವರ್ಷ ನವೀಕರಿಸುವ ವೀಸಾ ಹಿಡಿದವರು ಇದಕ್ಕೆ ಏನು ಉತ್ತರ ಕೊಡಬೇಕು? ಹಾದಿ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯಲ್ಲಿ ಮೂರ್ತಿ ಪೂಜೆಗೆ ಅಡ್ಡಿ ಬಂದಾಗ ಕಾಗದದ ಮೇಲಿನ ಗಣಪತಿಯನ್ನು ಗುಟ್ಟಾಗಿ ಪೂಜಿಸಿದ ಮನೆತನಗಳಿವೆ, ಅಡ್ಡಿ ತೊಲಗಿ ಎಷ್ಟೋ ಕಾಲವಾದರೂ ಅವರಲ್ಲಿ ಕೆಲವರು ಇಂದಿಗೂ ಕಾಗದದ ಗಣಪತಿಯನ್ನೇ ಇಡುತ್ತಾರೆ. ಪಟಕ್ಕೆ ಪ್ರಾಣಪ್ರತಿಷ್ಠೆ ಬೇಡ, ವಿಸರ್ಜನೆ ಬೇಡ, ಪುರೋಹಿತರಿಗೆ ಕಾಯುವುದೂ ಬೇಡ. ಗರಿಕೆ, ಕೆಂಪು ದಾಸವಾಳ, ಒಂದು ದೀಪ ಸಾಕು. ಪಂಚಕಜ್ಜಾಯಕ್ಕೆ ಹುರಿದ ಕಡಲೆ ಬೇಳೆಯ ಪುಡಿ, ಬೆಲ್ಲ, ಕಾಯಿತುರಿ, ಎಳ್ಳು, ಸ್ವಲ್ಪ ತುಪ್ಪ. ಏಲಕ್ಕಿ ಜಜ್ಜಿ ಹಾಕುವುದನ್ನು ಮರೆಯಬಾರದು. ಮೂರ್ತಿಯನ್ನೇ ಇಡುವೆನೆನ್ನುವವರು ಮೊದಲು ಮನೆ ಮಾಲೀಕರ ಒಪ್ಪಿಗೆ ಕೇಳಲಿ, ಅವರಿಗೆ ಸೂತಕ ಬಂದರೆ ಏನು ಮಾಡುವುದೆಂಬುದನ್ನೂ ಅದರ ಜೊತೆಗೇ ಮಾತಾಡಿಕೊಳ್ಳಲಿ. ಪುರೋಹಿತರಿಗೆ ಶ್ರಾವಣದಲ್ಲೇ ಹೇಳಿಡಬೇಕು. ಚೌತಿಯ ಬೆಳಿಗ್ಗೆ ಅವರು ಬೈಕಿನಲ್ಲಿ ಊರೂರು ಸುತ್ತುತ್ತಿರುತ್ತಾರೆ, ಹೊಸ ಮನೆಯ ಸರದಿ ಬರುವಾಗ ಮಧ್ಯಾಹ್ನ ಮೂರಾದರೂ ಆಯಿತು.